ಚಿಂಬೊರಾಸೊ ಇಳಿದ ಸೈಕಲ್ಲು, ವಾಪಸ್ ಹೋದ ಗೈಡುಗಳು

"ತಲೆ ನೋವಿದೆಯಾ?" ಅಂತ ಗೈಡ್ ಕೇಳಿದರು. "ಇಲ್ಲ" ಅಂದೆ. ಅಪ್ಪಟ ಸುಳ್ಳು. ಎರಡೂ ಕಣತಲೆ ಪಟಪಟ ಹೊಡ್ಕೋತಿತ್ತು.

2023ರ ಆಗಸ್ಟ್ ತಿಂಗಳ ಮಾತು. ಆಫೀಸ್ ಕೆಲಸದ ಮೇಲೆ ಈಕ್ವೆಡಾರ್‌ಗೆ ಹೋದವನು ನಾಲ್ಕು ದಿನ ರಜೆ ಹಾಕಿ ರಿಯೊಬಾಂಬಾ ಅನ್ನೋ ಊರಿಗೆ ಹೋಗಿದ್ದೆ. ಅಲ್ಲಿ ನಮ್ಮಂಥವರನ್ನ ಜೀಪಿನಲ್ಲಿ ಚಿಂಬೊರಾಸೊ ಜ್ವಾಲಾಮುಖಿ ಪರ್ವತದ ಮೇಲೆ ಬಿಟ್ಟು, ಗೈಡ್ ಜೊತೆ ಸೈಕಲ್‌ನಲ್ಲಿ ಕೆಳಗಿಳಿಸುತ್ತಾರೆ. ಹತ್ತುವ ಕಷ್ಟ ಇಲ್ಲ, ಬರೀ ಇಳಿಯೋದು. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ್ದು ಅಂದ್ಕೊಂಡೆ :-)

ಜೀಪು ನಿಂತದ್ದು ಕರೆಲ್ ಹೆಸರಿನ ತಂಗುಮನೆ ಹತ್ತಿರ, 4,850 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂಥದ್ದು ಎರಡೂವರೆ ಒಂದರ ಮೇಲೊಂದು ಇಟ್ಟಂಗೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರೋದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಶೂ ಲೇಸ್ ಕಟ್ಟಿದ್ದಕ್ಕೇ ಏದುಸಿರು ಬಂತು. ಆದರೆ ಇನ್ನೊಂದು 150 ಮೀಟರ್ ನಡೆದರೆ ವಿಂಪರ್ ಹೆಸರಿನ ಮತ್ತೊಂದು ತಂಗುಮನೆ ಇದೆ, 5,000 ಮೀಟರ್! ಆ ದುಂಡನೆ ಸಂಖ್ಯೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅಲ್ಲೊಂದು ಫೋಟೋ ತೆಗೆಸಿಕೊಳ್ಳದೆ ಹೆಂಗೆ ಬರೋದು?

ಗೈಡ್‌ಗೆ ಐವತ್ತರ ಮೇಲೆ ವಯಸ್ಸು. ನನ್ನ ಮುಖ ಒಂದು ನಿಮಿಷ ನೋಡಿದರು. ಆಮೇಲೆ ತಮ್ಮ ಮೊಣಕಾಲು ಹಿಡ್ಕೊಂಡು, "ಇವತ್ತು ಯಾಕೋ ಮಂಡಿ ನೋವು. ಮೇಲೆ ಹತ್ತೋಕೆ ನನ್ನಿಂದ ಆಗಲ್ಲ. ಇಳಿಯೋಣ" ಅಂದರು. ದುಡ್ಡು ಕೊಟ್ಟು ಬಂದವನಿಗೆ ಇದೆಂಥಾ ಗೈಡು ಅಂತ ಒಳಗೊಳಗೇ ಬೈಕೊಂಡೆ.

ಬೈಕೊಂಡವರಲ್ಲಿ ನಾನೇ ಮೊದಲಿಗನಲ್ಲ. 1802ರ ಜೂನ್ 23ರಂದು ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಇದೇ ಬೆಟ್ಟ ಹತ್ತಲು ಹೊರಟ. ಜೊತೆಗೆ ಫ್ರೆಂಚ್ ಸಸ್ಯವಿಜ್ಞಾನಿ ಬೋನ್‌ಪ್ಲಾಂಡ್, ಕ್ವಿಟೋದ ಯುವಕ ಕಾರ್ಲೋಸ್ ಮೊಂಟೂಫರ್, ಮತ್ತೆ ದಾರಿ ತೋರಿಸಲು, ಉಪಕರಣ ಹೊರಲು ಸ್ಥಳೀಯರು. ಆಗ ಯುರೋಪಿನವರ ಲೆಕ್ಕದಲ್ಲಿ ಜಗತ್ತಿನ ಅತಿ ಎತ್ತರದ ಪರ್ವತ ಚಿಂಬೊರಾಸೊ. (ಹಿಮಾಲಯವನ್ನ ಇನ್ನೂ ಸರಿಯಾಗಿ ಅಳೆದಿರಲಿಲ್ಲ. ಮುಂದೆ ಅದನ್ನು ಅಳೆಯುವ ತನಕ ಬೆಳೆದ ಸರ್ವೇಗೆ ಲ್ಯಾಂಬ್ಟನ್ ಸರಪಳಿ ಎಳೆಯಲು ಶುರುಮಾಡಿದ್ದು ಇದಕ್ಕೆ ಎರಡೇ ವರ್ಷ ಮುಂಚೆ, 1800ರಲ್ಲಿ, ನಮ್ಮ ಬೆಂಗಳೂರಿನ ಹತ್ತಿರ!)

ಹಂಬೋಲ್ಟ್ ಬರೆದಿರುವ ಪ್ರಕಾರ, 5,000 ಮೀಟರ್ ಆಸುಪಾಸಿನಲ್ಲಿ ಒಬ್ಬನನ್ನು ಬಿಟ್ಟು ಸ್ಥಳೀಯರೆಲ್ಲ ವಾಪಸ್ ಹೋಗಿಬಿಟ್ಟರು. ಕೇಳಿದ್ದಕ್ಕೆ, ನಿಮಗಿಂತ ನಮಗೇ ಉಸಿರಾಟ ಕಷ್ಟವಾಗಿದೆ ಅಂದರಂತೆ. ಹಂಬೋಲ್ಟ್ ಮುಂದೆ ಹೋದ. ಒಸಡಿನಲ್ಲಿ ರಕ್ತ, ವಾಕರಿಕೆ, ತಲೆಸುತ್ತು, ಸುತ್ತ ಮಂಜು. ಕೊನೆಗೆ ದೊಡ್ಡ ಕಂದರವೊಂದು ಅಡ್ಡ ಬಂದು ತುದಿ ಮುಟ್ಟಲಾಗದೆ ಹಿಂತಿರುಗಿದ. ಬಾರೋಮೀಟರಿನಿಂದ ಅವನೇ ಹಾಕಿದ ಲೆಕ್ಕ ಸುಮಾರು 5,880 ಮೀಟರ್. ಆ ಕಾಲಕ್ಕೆ ಅದು ದಾಖಲೆ. ಯುರೋಪಿಗೆ ಹೋದ ಮೇಲೆ ಚಿಂಬೊರಾಸೊದ ಅಡ್ಡಕೊಯ್ತದ ಚಿತ್ರ ಬರೆಸಿ, ಯಾವ ಎತ್ತರದಲ್ಲಿ ಯಾವ ಗಿಡ ಅಂತ ಅದರ ಮೇಲೇ ಹೆಸರು ತುಂಬಿಸಿ 1807ರಲ್ಲಿ ಪ್ರಕಟಿಸಿದ. ನೂರಾರು ಗಿಡಗಳ ಹೆಸರಿದೆ ಅದರಲ್ಲಿ. ಕೊನೇ ತನಕ ಜೊತೆಗಿದ್ದ ಆ ಒಬ್ಬ ಮಾತ್ರ ಅವನ ಬರಹದಲ್ಲಿ ಪಕ್ಕದ ಸಾನ್ ಹುವಾನ್ ಹಳ್ಳಿಯ ಮೆಸ್ಟಿಸೊ. ಹೆಸರಿಲ್ಲ.

ಇದನ್ನೆಲ್ಲ ಓದಿದ್ದು ಊರಿಗೆ ಬಂದ ಮೇಲೆ. "ನಮಗೇ ಕಷ್ಟವಾಗಿದೆ" ಅನ್ನೋ ಸಾಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಯಾಕೆಂದರೆ ಅವತ್ತು ಇಳಿಯೋಕೆ ಶುರು ಮಾಡಿದ ಹತ್ತೇ ನಿಮಿಷಕ್ಕೆ ನಾನು ಸೈಕಲ್ ಬಿಸಾಕಿ ರಸ್ತೆ ಪಕ್ಕ ವಾಂತಿ ಮಾಡಿಕೊಂಡೆ. ಗೈಡ್ ಬೆನ್ನು ಸವರಿದರು, ನೀರು ಕೊಟ್ಟರು, ಒಂದು ಮಾತೂ ಆಡಲಿಲ್ಲ. ಆಮೇಲೆ ಆ ಮಂಡಿ ನೋವಿನ ಮನುಷ್ಯ ಸೈಕಲ್ ಹತ್ತಿ, ಬೂದಿ ಮರಳಿನ ತಿರುವುಗಳಲ್ಲಿ ಪೆಡಲ್ ಮೇಲೆ ನಿಂತುಕೊಂಡೇ ಹುಡುಗನ ಥರ ಹಾರಿಸಿಕೊಂಡು ಹೋದರು! ಮಂಡಿಗೆ ಏನೂ ಆಗಿರಲಿಲ್ಲ. ನಿನಗೆ ಹುಷಾರಿಲ್ಲ ಅಂದರೆ ಈ ಜಂಬದ ಕೋಳಿ ಕೇಳಲ್ಲ ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ನೋವನ್ನ ತಮ್ಮ ಮೇಲೆ ಹಾಕ್ಕೊಂಡಿದ್ದರು.

1802ರಲ್ಲೂ ಹಾಗೇ ಆಗಿತ್ತು ಅಂತ ನಾನು ಸಾಕ್ಷಿ ಸಮೇತ ಹೇಳಲಾರೆ. ಆದರೆ ಆ ಬೆಟ್ಟದ ಬುಡದವರಿಗೆ ಎತ್ತರದ ಭಯ ಅಂದರೆ ನಂಬೋದು ಕಷ್ಟ. ಅವರಲ್ಲಿ ಹಿಮನದಿಯಿಂದ ಮಂಜುಗಡ್ಡೆ ಕಡಿದು, ಹುಲ್ಲಿನಲ್ಲಿ ಸುತ್ತಿ, ಕತ್ತೆ ಮೇಲೆ ಹೇರಿ ರಿಯೊಬಾಂಬಾ ಪೇಟೆಗೆ ತಂದು ಮಾರುವ ಕಸುಬೇ ಇತ್ತು. ಆ ಕಸುಬಿನ ಕೊನೆಯವರು ಅಂತ ಹೆಸರಾದ ಬಾಲ್ಟಸಾರ್ ಉಶ್ಕಾ 2024ರಲ್ಲಿ ತೀರಿಕೊಂಡರು. ಎಲ್ಲಿವರೆಗೆ ಹೋಗಬೇಕು, ಎಲ್ಲಿ ತಿರುಗಬೇಕು ಅನ್ನೋದು ಅವರಿಗೆ ಹೊಟ್ಟೆಪಾಡಿನ ವಿದ್ಯೆ.

ತುದಿ ಮುಟ್ಟಿದ್ದು 1880ರ ಜನವರಿ 4ರಂದು. ಇಂಗ್ಲೆಂಡಿನ ಎಡ್ವರ್ಡ್ ವಿಂಪರ್, ಮತ್ತು ಅವನು ಇಟಲಿಯಿಂದ ಕರೆತಂದಿದ್ದ ಗೈಡುಗಳಾದ ಜಾನ್ ಆಂತ್ವಾನ್ ಕರೆಲ್, ಲೂಯಿ ಕರೆಲ್. (ತಂಗುಮನೆಯ ಪೂರ್ತಿ ಹೆಸರು 'ಕರೆಲ್ ಸೋದರರು' ಅಂತ. ಅವರು ಒಡಹುಟ್ಟಿದವರಲ್ಲ, ದಾಯಾದಿಗಳು!) ಲೂಯಿಯ ಪಾದಗಳು ಹಿಮದಲ್ಲಿ ಮರಗಟ್ಟಿ ಹೋದವು. ಇಷ್ಟೆಲ್ಲ ಆದರೂ ಈಕ್ವೆಡಾರಿನಲ್ಲಿ ಜನ ನಂಬಲಿಲ್ಲ. ವಿಂಪರ್‌ಗೆ ರೋಷ ಬಂತು. ಅದೇ ವರ್ಷ ಜುಲೈ 3ರಂದು ಮತ್ತೆ ಹತ್ತಿದ, ಈ ಸಲ ಇಬ್ಬರು ಈಕ್ವೆಡಾರಿನವರನ್ನೂ ಕರೆದುಕೊಂಡು: ಡೇವಿಡ್ ಬೆಲ್ಟ್ರಾನ್ ಮತ್ತು ಹಾವಿಯೆರ್ ಕಂಪಾನ್ಯಾ. ಅವತ್ತೇ ದೂರದ ಕೋಟೊಪಾಕ್ಸಿ ಬೆಂಕಿಯುಗುಳಿತು. ಕಪ್ಪು ಹೊಗೆಯ ಕಂಬ ಏಳೋದನ್ನ ಇವರು ಚಿಂಬೊರಾಸೊ ಮೇಲಿಂದ ನೋಡಿದರು, ತುದಿಯಲ್ಲಿದ್ದಾಗ ಬೂದಿ ಇವರ ಮೇಲೇ ಉದುರಿತು. ಅದನ್ನ ವಿಂಪರ್ ಕೂಡಿಟ್ಟುಕೊಂಡು ಹೋದ.

ನನಗೆ ಇಷ್ಟವಾದದ್ದು ಆಮೇಲಿನ ಸಂಗತಿ. ಗುವಾಯಾಕಿಲ್ ಊರಿನಲ್ಲಿ ಕಂಪಾನ್ಯಾನಿಂದ ಪ್ರಮಾಣ ಮಾಡಿಸಿ, ಹೌದು ತುದಿ ಹತ್ತಿದ್ದೇವೆ ಅಂತ ಹೇಳಿಕೆ ಬರೆಸಿಕೊಂಡ ವಿಂಪರ್, 1892ರ ತನ್ನ ಪುಸ್ತಕದಲ್ಲಿ ಅದನ್ನು ಅಚ್ಚು ಹಾಕಿಸಿದ. ಹಂಬೋಲ್ಟ್ ಕಾಲದಲ್ಲಿ ಹೆಸರೂ ಬೇಡವಾಗಿದ್ದ ಸ್ಥಳೀಯನ ಮಾತು ಎಂಬತ್ತು ವರ್ಷ ಕಳೆಯೋ ಹೊತ್ತಿಗೆ ದೊರೆಯ ಮಾತಿಗೇ ಜಾಮೀನು! ಗರಜು ಬಿದ್ದಾಗ ಹೆಸರು ನೆನಪಾಗುತ್ತೆ ನೋಡಿ. ಆದರೂ ನಾನು ಕಂಡ ಎರಡು ತಂಗುಮನೆಗಳ ಬೋರ್ಡಿನಲ್ಲಿದ್ದದ್ದು ಕರೆಲ್ ಮತ್ತು ವಿಂಪರ್ ಹೆಸರೇ.

ಇಳಿಯುವ ದಾರಿ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಹೊಟ್ಟೆ ನೋಯುತ್ತೆ. ಮೊದಲು ಗಿಡವೇ ಇಲ್ಲದ ಮರಳುಗಾಡು, ಹಳೇ ಬೂದಿ, ಹಗುರವಾದ ತೂತುಕಲ್ಲು. ಚಳಿಗೆ ಬೆರಳು ಮರಗಟ್ಟಿ, ಬ್ರೇಕ್ ಹಿಡಿದಿದ್ದೀನೋ ಬಿಟ್ಟಿದ್ದೀನೋ ಅಂತ ಕಣ್ಣಲ್ಲಿ ನೋಡಿಯೇ ತಿಳ್ಕೋಬೇಕು. ಮರಳಲ್ಲಿ ಮುಂದಿನ ಬ್ರೇಕ್ ಒಂದನ್ನೇ ಹಿಡಿದರೆ ಮುಗೀತು, ಸೈಕಲ್ ಅಲ್ಲೇ, ನೀವು ಮುಂದೆ! ವಿಕುನ್ಯಾ ಹಿಂಡು ಕತ್ತೆತ್ತಿ ನೋಡ್ತಾ ನಿಂತಿತ್ತು. ಒಂಟೆ ಜಾತಿಯ ಈ ಸಣ್ಣ ಪ್ರಾಣಿಗಳನ್ನ 1988ರಲ್ಲಿ ಹೊರದೇಶಗಳಿಂದ ತಂದು ಇಲ್ಲಿ ಬಿಟ್ಟರಂತೆ. ಸಾವಿರ ಮೀಟರ್ ಇಳಿಯೋ ಹೊತ್ತಿಗೆ ಹುಲ್ಲು, ಆಲೂಗಡ್ಡೆ ಹೊಲ, ಕೆಂಪು ಹೊದಿಕೆಯ ಅಜ್ಜಿಯರು. ತಲೆ ನೋವು ಮಾತ್ರ ಪೂರ್ತಿ ಇಳಿದಿರಲಿಲ್ಲ.

ರಸ್ತೆ ಬದಿ ಅಂಗಡಿಯಲ್ಲಿ ಗೈಡ್ ಬಿಸಿ ಬೆಲ್ಲದ ನೀರು ಕೊಡಿಸಿದರು. ಅಲ್ಲಿ ಅದನ್ನ ಪನೇಲಾ ಅಂತಾರೆ, ಥೇಟ್ ನಮ್ಮ ಅಚ್ಚುಬೆಲ್ಲ. ಎರಡು ಗುಟುಕು ಕುಡಿಯೋ ತನಕ ಕಾದು ಮತ್ತೆ ಕೇಳಿದರು, "ತಲೆ ನೋವಿದೆಯಾ?"

"ಇದೆ" ಅಂದೆ.

"ನನ್ನ ಮಂಡಿ ವಾಸಿ ಆಯ್ತು" ಅಂದರು.