ಆಡು-ಹುಲಿ ಆಟ: ಕಲ್ಲಿನ ಗೆರೆಗಳೂ ಕಾಲನಿರ್ಣಯದ ಪ್ರಶ್ನೆಯೂ

ಮೃಗವೊಂದನ್ನು ಎಲ್ಲ ದಿಕ್ಕುಗಳಿಂದಲೂ ಮುತ್ತಿ, ಅದು ಕದಲಲು ಎಡೆಯಿಲ್ಲದಂತೆ ಮಾಡುವುದೇ ಗುರಿಯಾಗುಳ್ಳ ಆಟಗಳು ಈಗ ಗಣಕಯಂತ್ರದ ಪರದೆಯ ಮೇಲೂ ಬಂದಿವೆ. ಒಂದೊಂದೇ ಮನೆಯನ್ನು ಮುಚ್ಚುತ್ತ, ಬೆಕ್ಕು ಅಂಚನ್ನು ಸೇರದಂತೆ ತಡೆಯುವ ಅಂತಹ ಆಟವೊಂದನ್ನು ಹನುಮಂತನಗರದ ಪರಿಚಿತರೊಬ್ಬರ ಮನೆಯ ಜಗಲಿಯಲ್ಲಿ ಹುಡುಗನೊಬ್ಬನು ಆಡುತ್ತಿದ್ದುದನ್ನು ನಾವು ಕಂಡೆವು. ಪಕ್ಕದಲ್ಲಿ ಕುಳಿತಿದ್ದ ಅವನ ಅಜ್ಜಿಯವರು ಸ್ವಲ್ಪ ಹೊತ್ತು ನೋಡಿ, “ಇದು ನಮ್ಮ ಆಡು-ಹುಲೀನೇ ಕಣೋ, ಆದ್ರೆ ನಿನ್ನ ಬೆಕ್ಕಿಗೆ ಹಲ್ಲೇ ಇಲ್ಲ” ಎಂದರು. ಅನಂತರ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆಗಳನ್ನೆಳೆದು, ಹುಣಿಸೆಬೀಜಗಳನ್ನೂ ಮೂರು ಕಲ್ಲುಗಳನ್ನೂ ತರಿಸಿ, ಮೊಮ್ಮಗನಿಗೆ ಆಟವನ್ನು ಹೇಳಿಕೊಟ್ಟರು. ಅವರ ಮಾತಿನಲ್ಲಿ ಒಂದು ಸೂಕ್ಷ್ಮವಾದ ಭೇದವು ಅಡಗಿದೆ. ಬೆಕ್ಕು ತಪ್ಪಿಸಿಕೊಳ್ಳಬಲ್ಲುದೇ ಹೊರತು ಹಾನಿಮಾಡಲಾರದು. ಹುಲಿಯಾದರೋ ಮುತ್ತಲು ಬಂದವರನ್ನೇ ತಿನ್ನುತ್ತದೆ.

ಆಟದ ಸ್ವರೂಪವನ್ನು ಮೊದಲು ಹೇಳುವುದು ಯುಕ್ತ. ಶಿಖರದ ಒಂದು ಬಿಂದುವಿನಿಂದ ನಾಲ್ಕು ಗೆರೆಗಳು ಕೆಳಗಿನ ಪಾದರೇಖೆಗೆ ಇಳಿಯುತ್ತವೆ. ಮೂರು ಅಡ್ಡಗೆರೆಗಳು ಅವನ್ನು ಕತ್ತರಿಸಿ ಎರಡು ಪಕ್ಕಗಳಲ್ಲಿಯೂ ಹೊರಚಾಚಿ, ತುದಿಗಳಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಹೀಗೆ ಶಿಖರದಲ್ಲಿ 1, ಅಡ್ಡಗೆರೆಗಳಲ್ಲಿ ಆರಾರರಂತೆ 18, ಪಾದದಲ್ಲಿ 4, ಒಟ್ಟು 23 ಬಿಂದುಗಳಾಗುತ್ತವೆ. ಹುಲಿಗಳು 3, ಆಡುಗಳು 15. ಹುಲಿಗಳು ಮೊದಲೇ ಶಿಖರದಲ್ಲಿಯೂ ಅದರ ಸಮೀಪದಲ್ಲಿಯೂ ಕುಳಿತಿರುತ್ತವೆ. ಆಡುಗಳು ಸರದಿಗೊಂದರಂತೆ ಇಳಿಯುತ್ತವೆ. ಹದಿನೈದೂ ಇಳಿದು ಮುಗಿಯುವವರೆಗೆ ಅವುಗಳಲ್ಲಿ ಯಾವುದೂ ನಡೆಯುವಂತಿಲ್ಲ. ಹುಲಿಯು ಪಕ್ಕದ ಆಡಿನ ಮೇಲಿಂದ ಅದೇ ಗೆರೆಯಲ್ಲಿ ಹಾರಿ ಆಚೆಯ ಬರಿದಾದ ಬಿಂದುವಿನಲ್ಲಿ ಇಳಿದರೆ ಆ ಆಡು ಹೋಯಿತು. ಆಡಿಗೆ ಹಾರುವ ಅಧಿಕಾರವಿಲ್ಲ, ಕೊಲ್ಲುವ ಶಕ್ತಿಯೂ ಇಲ್ಲ. ಮೂರು ಹುಲಿಗಳನ್ನೂ ಕಟ್ಟಿಹಾಕಿದರೆ ಆಡಿನವರಿಗೆ ಗೆಲುವು.

ಇಲ್ಲಿ ಒಂದು ಸರಳವಾದ ಲೆಕ್ಕವನ್ನು ಗಮನಿಸಬೇಕು. ಒಂದು ಆಡೂ ಸಾಯದೆ ಹದಿನೈದೂ ಇಳಿದವೆಂದು ಇಟ್ಟುಕೊಂಡರೂ 23 ಬಿಂದುಗಳಲ್ಲಿ 18 ಮಾತ್ರ ತುಂಬುತ್ತವೆ. 5 ಬರಿದಾಗಿಯೇ ಉಳಿಯುತ್ತವೆ. ಸತ್ತ ಪ್ರತಿಯೊಂದು ಆಡಿಗೂ ಹುಲಿಗೆ ಇನ್ನೊಂದು ಬಿಂದು ತೆರವಾಗುತ್ತದೆ. ಆದಕಾರಣ ಸಂಖ್ಯಾಬಲವೊಂದರಿಂದಲೇ ಹುಲಿಯನ್ನು ಕಟ್ಟಲು ಸಾಧ್ಯವಿಲ್ಲ. ಬರಿದಾದ ಬಿಂದುಗಳು ಹುಲಿಯ ನಡೆಗೂ ನೆಗೆತಕ್ಕೂ ಎಟುಕದ ಕಡೆಯಲ್ಲಿ ಉಳಿಯುವಂತೆ ನೋಡಿಕೊಳ್ಳಬೇಕು. ನೇಪಾಳದ ಬಾಘ್‌ಚಾಲ್ ಆಟದಲ್ಲಿ 25 ಬಿಂದುಗಳಿಗೆ 4 ಹುಲಿ, 20 ಆಡು. ಅಂದರೆ ಎಲ್ಲವೂ ಇಳಿದಾಗ ಒಂದೇ ಒಂದು ಬಿಂದು ಬರಿದು. ಅಲ್ಲಿನ ಬಿಗಿ ಸಂಖ್ಯೆಯಿಂದ ಬಂದದ್ದು, ನಮ್ಮದರ ಬಿಗಿ ಗೆರೆಗಳ ವಿನ್ಯಾಸದಿಂದ ಬಂದದ್ದು. ಬಾಘ್‌ಚಾಲ್ ಆಟವನ್ನು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು ಗಣಕಯಂತ್ರದ ನೆರವಿನಿಂದ ಶೋಧಿಸಿ, ಎರಡು ಪಕ್ಷಗಳವರೂ ತಪ್ಪಿಲ್ಲದೆ ಆಡಿದರೆ ಸೋಲುಗೆಲುವುಗಳಿಲ್ಲದೆ ಸಮವಾಗುತ್ತದೆಂದು ತೋರಿಸಿದ್ದಾರೆ. ಅವರ ಪ್ರಬಂಧವು 2009ರಲ್ಲಿ ಗ್ರಂಥಸ್ಥವಾಯಿತು. ಜಗಲಿಯ ಅಜ್ಜಿಯವರಿಗೆ ಈ ಶೋಧನೆಯ ಅಗತ್ಯವಿದ್ದಂತೆ ಕಾಣಲಿಲ್ಲ. ಮೊದಲ ಬೀಜಗಳನ್ನು ಅವರು ಪಾದರೇಖೆಯ ಮೂಲೆಗಳಲ್ಲಿ ಇಟ್ಟರು. ಅಲ್ಲಿ ಗೆರೆಯೇ ಮುಗಿಯುವುದರಿಂದ ಹಾರಿದ ಹುಲಿಗೆ ಇಳಿಯಲು ನೆಲೆಯಿಲ್ಲ.

ಈ ಆಟವು ಎಷ್ಟು ಹಳೆಯದು? ಜನಪ್ರಿಯ ಬರಹಗಳಲ್ಲಿ “ಸಹಸ್ರಾರು ವರ್ಷಗಳಷ್ಟು ಪ್ರಾಚೀನ” ಎಂಬ ಮಾತು ಪದೇ ಪದೇ ಬರುತ್ತದೆ. ಹಂಪೆಯ ಕಲ್ಲುಗಳನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ಹಂಪೆಯ ಮಂಟಪಗಳ ನೆಲಗಟ್ಟಿನ ಮೇಲೂ ಬಂಡೆಗಳ ಮೇಲೂ ಆಟದ ಗೆರೆಗಳು ಕಾಣಸಿಗುವುದು ನಿಜ. ಆದರೆ ಕಟ್ಟಡದ ಕಾಲವನ್ನು ಗೆರೆಗಳ ಕಾಲವೆಂದು ಎಣಿಸುವುದು ತರ್ಕದೋಷ. ಉದಾಹರಣೆಗೆ, ಕೃಷ್ಣದೇವರಾಯನು ಉದಯಗಿರಿಯಿಂದ ತಂದ ಬಾಲಕೃಷ್ಣನ ಮೂರ್ತಿಯನ್ನು 1515ರಲ್ಲಿ ಹಂಪೆಯಲ್ಲಿ ಪ್ರತಿಷ್ಠಿಸಿದುದು ಶಾಸನದಿಂದ ಸಿದ್ಧವಾಗಿದೆ. ಆ ಕಾಲದ ಮಂಟಪವೊಂದರ ನೆಲದ ಮೇಲೆ ಆಡು-ಹುಲಿಯ ಗೆರೆಗಳಿದ್ದರೆ, ಅವು ಆ ನೆಲ ಹಾಸುವುದಕ್ಕೆ ಮೊದಲಿನವಲ್ಲವೆಂದು ಮಾತ್ರ ಸಾಮಾನ್ಯವಾಗಿ ಹೇಳಬಹುದು. ಕೆಲಸದ ನಡುವೆ ದಣಿವಾರಿಸಿಕೊಂಡ ಕಲ್ಲುಕುಟಿಗನು ಕೊರೆದಿರಬಹುದು, ಕಾವಲುಗಾರನು ಕೊರೆದಿರಬಹುದು. 1565ರ ಯುದ್ಧದ ತರುವಾಯ ಪಟ್ಟಣವು ಪಾಳುಬಿದ್ದ ಮೇಲೆ ದನಕುರಿಗಳನ್ನು ಅಟ್ಟಿಕೊಂಡು ಬಂದ ಹುಡುಗರು ಕೊರೆದಿರಬಾರದೆಂದೇನೂ ಇಲ್ಲ. ಗೆರೆಯ ಆಳವೂ ನುಣುಪೂ ಕಾಲವನ್ನು ಹೇಳುವುದಿಲ್ಲ. ದಿನವೂ ಜನ ತುಳಿಯುವ ಕಲ್ಲು ಬೇಗನೆ ನುಣುಪಾಗುತ್ತದೆ.

ಹಾಗೆಂದು ಕಾಲನಿರ್ಣಯದ ದಾರಿ ಪೂರ್ತಿಯಾಗಿ ಮುಚ್ಚಿಲ್ಲವೆಂದು ನಮ್ಮ ಅಭಿಪ್ರಾಯ. ಗೆರೆಗಳು ಕಂಬದ ಪೀಠದ ಅಡಿಗೆ ಅಥವಾ ಗೋಡೆಯ ಅಡಿಗೆ ಹೋಗಿ ಮರೆಯಾಗಿದ್ದರೆ, ಅವು ಆ ಕಂಬಕ್ಕಿಂತ, ಆ ಗೋಡೆಗಿಂತ ಹಿಂದಿನವಾಗಲೇಬೇಕು. ನಿಂತ ಗೋಡೆಯ ಕಲ್ಲಿನ ಮುಖದ ಮೇಲೆ ಗೆರೆಗಳಿದ್ದರೆ ಅಲ್ಲಿ ಕಾಯಿಗಳು ನಿಲ್ಲಲಾರವು. ಕಲ್ಲು ನೆಲದ ಮೇಲೆ ಮಲಗಿದ್ದಾಗಲೇ ಅದರ ಮೇಲೆ ಆಡಿದ್ದರು, ಆಮೇಲೆ ಅದನ್ನು ಎತ್ತಿ ಕಟ್ಟಿದರು ಎಂದು ಊಹಿಸುವುದು ಸಹಜ. ಇಂತಹ ಒಂದೊಂದು ನಿದರ್ಶನವೂ ನೆಲಗಟ್ಟಿನ ಮೇಲಿನ ನೂರು ಗೆರೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಐರೋಪ್ಯ ಚರಿತ್ರಕಾರರಿಗೆ ಈ ತೊಡಕು ಇಷ್ಟಿಲ್ಲ: ಕ್ಯಾಸ್ಟೀಲಿನ ದೊರೆ ಹತ್ತನೆಯ ಅಲ್ಫಾನ್ಸೊ ಬರೆಯಿಸಿ 1283ರಲ್ಲಿ ಮುಗಿಸಿದ ಆಟಗಳ ಗ್ರಂಥದಲ್ಲಿ, ಹಲವು ಬೇಟೆಗಾರರು ಸೇರಿ ಒಂದು ಮೊಲವನ್ನು ಮುತ್ತುವ ಆಟದ ವಿವರಣೆಯಿದೆ. ಎಚ್. ಜೆ. ಆರ್. ಮರ್ರೆಯವರು 1952ರ ತಮ್ಮ ಗ್ರಂಥದಲ್ಲಿ ಇಂತಹ ಆಟಗಳನ್ನೆಲ್ಲ ‘ಬೇಟೆಯ ಆಟಗಳು’ ಎಂಬ ಪ್ರತ್ಯೇಕ ವರ್ಗವಾಗಿ ವಿಂಗಡಿಸಿದ್ದಾರೆ.

ನಮ್ಮಲ್ಲಿಯೂ ಆಟಗಳನ್ನು ಬರೆಯಿಸಿದ ಅರಸರಿಲ್ಲದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) 1831ರಲ್ಲಿ ರಾಜ್ಯಾಡಳಿತವು ಬ್ರಿಟಿಷರ ಕೈಸೇರಿದ ಮೇಲೆ ವಿದ್ಯೆ, ಕಲೆಗಳ ಪೋಷಣೆಯಲ್ಲಿ ಬಹುಕಾಲ ಕಳೆದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯು ಕ್ರೀಡೆಗಳಿಗೆ ಮೀಸಲು, ಚದುರಂಗದ ಕುದುರೆಯ ನಡೆಯ ಬಂಧಗಳಲ್ಲಿ ಅವರ ಪರಿಶ್ರಮವು ಪ್ರಸಿದ್ಧ. ರಾಜ್ಯವಿಲ್ಲದ ರಾಜನು ಮನೆಗಳ ಮೇಲೆ ರಾಜ ಮಂತ್ರಿಗಳನ್ನು ನಡೆಸಿದುದರಲ್ಲಿ ಒಂದು ವಿಷಾದವೂ ಇದೆಯೆಂದು ನಮಗೆ ತೋರುತ್ತದೆ. ಅರಮನೆಯ ಆಟಗಳಿಗೆ ಗ್ರಂಥವಿದೆ, ಚಿತ್ರವಿದೆ. ಆಡು-ಹುಲಿಗೆ ಇರುವುದು ಕಲ್ಲಿನ ಗೆರೆ, ಇಲ್ಲವೆ ಜಗಲಿಯ ಸೀಮೆಸುಣ್ಣ. ಅದರಲ್ಲಿ ರಾಜನಿಲ್ಲ, ಮಂತ್ರಿಯಿಲ್ಲ, ಸೇನೆಯೂ ಇಲ್ಲ.

ಈ ಆಟವು ಆನೆ ಹಿಡಿಯುವ ಖೆಡ್ಡಾದ ಅನುಕರಣವೆಂದು ಮಿತ್ರರೊಬ್ಬರು ನಮ್ಮೊಡನೆ ವಾದಿಸಿದ್ದುಂಟು. ಅದು ಒಪ್ಪತಕ್ಕದ್ದಲ್ಲ. ಮೈಸೂರು ಸೀಮೆಯಲ್ಲಿ ಖೆಡ್ಡಾ ಪದ್ಧತಿಯು ಯಶಸ್ವಿಯಾಗಿ ನೆಲೆಗೊಂಡುದು 1870ರ ದಶಕದಲ್ಲಿ, ಜಿ. ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿಯ ಪ್ರಯತ್ನದಿಂದ. ಕಾಕನಕೋಟೆಯ ಕಡೆಯ ಖೆಡ್ಡಾ ನಡೆದುದು 1971ರಲ್ಲಿ. ಖೆಡ್ಡಾದಲ್ಲಿ ಮೃಗವನ್ನು ದೂರದಿಂದ ಅಟ್ಟಿಕೊಂಡು ಬಂದು ಸಿದ್ಧವಾದ ಆವರಣದೊಳಕ್ಕೆ ನುಗ್ಗಿಸುತ್ತಾರೆ. ನಮ್ಮ ಆಟದಲ್ಲಿ ಆವರಣವೇ ಇಲ್ಲ, ಆಡುಗಳ ಮೈಯೇ ಆವರಣ. ಇದಕ್ಕೆ ಹೆಚ್ಚು ಹತ್ತಿರವಾದುದು ಹಳ್ಳಿಗರು ಬಲೆಗಳನ್ನು ಕಟ್ಟಿ ಹುಲಿಯನ್ನು ಸುತ್ತುಗಟ್ಟುತ್ತಿದ್ದ ಕ್ರಮ. 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ಯಾಂಡರ್ಸನ್ನನು ಅದನ್ನೂ ವರ್ಣಿಸಿದ್ದಾನೆ. ಹುಲಿಯೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ನಾಡಿನಲ್ಲಿವೆ. ಅವು ಒಬ್ಬೊಬ್ಬನ ಪರಾಕ್ರಮವನ್ನು ಸ್ಮರಿಸುತ್ತವೆ. ಗೋವಿನ ಹಾಡಿನ ಹುಲಿಯು ಸತ್ಯಕ್ಕೆ ಸೋತು ಪ್ರಾಣ ಬಿಡುತ್ತದೆ. ಆಟದ ಹುಲಿಗೆ ಪಶ್ಚಾತ್ತಾಪವಿಲ್ಲ, ಎದುರಾಗುವ ವೀರನೂ ಇಲ್ಲ. ಮೇಯುವ ಪ್ರಾಣಿಗಳು ಒಂದರ ಬೆನ್ನಿಗೊಂದು ನಿಂತು ದಾರಿ ಕಟ್ಟುತ್ತವೆ, ಅಷ್ಟೆ. ಇದರಿಂದ ರೈತರ ಬಾಳಿನ ಬಗೆಗೆ ದೊಡ್ಡ ಸಿದ್ಧಾಂತಗಳನ್ನು ಕಟ್ಟುವ ಆಸೆ ನಮಗೂ ಆಗುತ್ತದೆ. ಆದರೆ ಆಟವನ್ನು ಕಲ್ಪಿಸಿದವರು ಯಾರೆಂದು ತಿಳಿಯದಿರುವಾಗ ಅವರ ಮನಸ್ಸಿನಲ್ಲಿದ್ದುದನ್ನು ನಾವು ಹೇಳಹೊರಡುವುದು ಸಾಹಸವಾದೀತು.

ಮಾಡಬಹುದಾದ ಕೆಲಸ ಬೇರೆಯಿದೆ, ಅದು ತ್ವರೆಯಾಗಿ ಆಗಬೇಕಾದದ್ದು. ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟವು 1905ರಲ್ಲಿ ಹೊರಬಂದಿತು. ಅಂದು ಅಕ್ಷರವಿರುವ ಕಲ್ಲುಗಳನ್ನು ಊರೂರು ಅಲೆದು ದಾಖಲಿಸಿದರು. ಅಕ್ಷರವಿಲ್ಲದ ಗೆರೆಗೆ ಶಾಸನಸಂಪುಟದಲ್ಲಿ ಸ್ಥಾನವಿರುವುದು ಸಾಧ್ಯವಿರಲಿಲ್ಲ. ಈಗ ಹಳೆಯ ಗುಡಿಗಳ ಕಲ್ಲುಹಾಸನ್ನು ಕಿತ್ತು ನುಣುಪಾದ ಹೊಸ ಕಲ್ಲನ್ನು ಹಾಸುವಾಗ, ಇಲ್ಲವೆ ಅದರ ಮೇಲೆಯೇ ಸಿಮೆಂಟು ಬಳಿಯುವಾಗ, ಅಕ್ಷರವಿದ್ದ ಕಲ್ಲನ್ನಾದರೂ ಯಾರಾದರೊಬ್ಬರು ಎತ್ತಿ ಬದಿಗಿಡುತ್ತಾರೆ. ಆಟದ ಗೆರೆಗಳಿಗೆ ಆ ಭಾಗ್ಯವಿಲ್ಲ. ಶಾಸನದಂತೆಯೇ ಇವುಗಳ ಅಚ್ಚು ತೆಗೆಯಬಹುದು. ಗೆರೆಗಳ ಅಳತೆ, ಬಿಂದುಗಳ ಸಂಖ್ಯೆ, ಕಲ್ಲಿನ ಸ್ಥಾನ, ಗೆರೆ ಯಾವುದರ ಅಡಿಗೆ ಹೋಗುತ್ತದೆಂಬ ವಿವರ, ಇಷ್ಟನ್ನು ಗುರುತು ಹಾಕಿಕೊಳ್ಳಲು ವಿದ್ಯಾರ್ಥಿಯೊಬ್ಬನಿಗೆ ಒಂದು ಮಧ್ಯಾಹ್ನ ಸಾಕು.

ಅದರೊಡನೆ ನಿಯಮಗಳನ್ನೂ ಬರೆದುಕೊಳ್ಳಬೇಕು, ಏಕೆಂದರೆ ಕಲ್ಲು ನಿಯಮಗಳನ್ನು ಹೇಳುವುದಿಲ್ಲ. ಎಷ್ಟು ಆಡುಗಳು ಸತ್ತರೆ ಆಡಿನವರು ಸೋತಂತೆ? ಹನುಮಂತನಗರದ ಆ ಅಜ್ಜಿಯವರ ತವರಿನಲ್ಲಿ ಐದು ಸತ್ತರೆ ಆಟ ಮುಗಿಯಿತೆನ್ನುತ್ತಿದ್ದರಂತೆ. ಅತ್ತೆಯ ಮನೆಯಲ್ಲಿ ಕೊನೆಯ ಆಡಿನವರೆಗೂ ಬಿಡುತ್ತಿರಲಿಲ್ಲವಂತೆ. ಎರಡನ್ನೂ ನಾವು ಬರೆದುಕೊಂಡೆವು. ಅಷ್ಟರಲ್ಲಿ ಮೊಮ್ಮಗನ ಹುಲಿಗಳು ನಾಲ್ಕು ಬೀಜಗಳನ್ನು ತಿಂದಿದ್ದುವು. ಯಾವ ಮನೆಯ ನಿಯಮದಂತೆ ಆಡುತ್ತಿದ್ದೇವೆಂದು ಅವನು ಕೇಳಿದನು. “ನನ್ನ ತವರಿನದು” ಎಂದು ಅಜ್ಜಿಯವರು ಮುಂದಿನ ಬೀಜವನ್ನು ಇಟ್ಟರು.