ರೊಟ್ಟಿ, ಮೆಂತ್ಯೆ, ಪಿತ್ತಕೋಶ: ಕೊಪ್ಪಳ ಸೀಮೆಯ ಊಟ ಮತ್ತು ಮನೆಮದ್ದಿನ ಪರಿಶೀಲನೆ

ಪಿತ್ತಕೋಶದಲ್ಲಿ ಕಲ್ಲಿದೆಯೆಂದು ಸ್ಕ್ಯಾನಿಂಗ್‌ನಲ್ಲಿ ಕಂಡ ಮೇಲೆ ಕೊಪ್ಪಳ ಸೀಮೆಯಲ್ಲಿ ಕೇಳಿಬರುವ ಸಲಹೆಗಳಲ್ಲಿ ಮೂರು ಮುಖ್ಯ: ಹುರಳಿ ಕಟ್ಟು, ಬಾಳೆದಿಂಡಿನ ರಸ, ಮಜ್ಜಿಗೆಯಲ್ಲಿ ಅರೆದ ನೆಲನೆಲ್ಲಿ. ಮೊದಲೆರಡು ಮೂತ್ರದ ಹರಳಿಗೆ ಹೇಳುತ್ತ ಬಂದವು, ಮೂರನೆಯದು ಕಾಮಣಿಗೆ. ಪಿತ್ತಕೋಶಕ್ಕೆಂದೇ ಹುಟ್ಟಿದ ಮದ್ದು ಈ ಪಟ್ಟಿಯಲ್ಲಿಲ್ಲ. ಸುಶ್ರುತ ಸಂಹಿತೆ ಮೂತ್ರದ ಅಶ್ಮರಿಯನ್ನು ವಿವರವಾಗಿ ಹೇಳುತ್ತದೆ. ಪಿತ್ತಕೋಶದ ಕಲ್ಲನ್ನು ಪ್ರತ್ಯೇಕ ರೋಗವಾಗಿ ಗುರುತಿಸುವುದಿಲ್ಲ. ಹೊಟ್ಟೆಯೊಳಗಿನ ಈ ಚೀಲವನ್ನು ತೆರೆಯದೆ ನೋಡುವ ದಾರಿ ಸಿಕ್ಕಿದ್ದೇ ಇತ್ತೀಚೆಗೆ. ಹಾಗಾಗಿ ಎರವಲು ಮದ್ದು ಬಂದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಎರಡು ಕಲ್ಲುಗಳ ಹುಟ್ಟು ಬೇರೆ. ಮೂತ್ರದ ಹರಳು ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನದು. ಹೆಚ್ಚು ನೀರು ಕುಡಿದರೆ ಸಣ್ಣದು ಕೊಚ್ಚಿಹೋಗಬಹುದು. ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ಸ್ರವಿಸುತ್ತದೆ. ಅದರಲ್ಲಿ ಒಂದಷ್ಟು ಪಿತ್ತಕೋಶದಲ್ಲಿ ಗಟ್ಟಿಗೊಂಡು, ಸುಮಾರು 30ರಿಂದ 50 ಮಿಲಿಲೀಟರಿನಷ್ಟು, ಮುಂದಿನ ಊಟಕ್ಕೆ ಕಾದಿರುತ್ತದೆ. ಅಲ್ಲಿ ಕೊಲೆಸ್ಟರಾಲ್ ಅಥವಾ ಬಿಲಿರುಬಿನ್ ಮಿತಿಮೀರಿದರೆ, ಚೀಲ ಸರಿಯಾಗಿ ಬರಿದಾಗದಿದ್ದರೆ ಕಲ್ಲು ಕಟ್ಟುತ್ತದೆ. ಕುಡಿದ ನೀರು ಈ ಚೀಲವನ್ನು ತೊಳೆಯುವುದಿಲ್ಲ.

ಹಾಗಾದರೆ ಊಟಕ್ಕೆ ಪಾತ್ರವೇ ಇಲ್ಲವೆ? ಇದೆ, ಕಲ್ಲು ಕಟ್ಟುವ ಮೊದಲು. 1968ರಲ್ಲಿ ಎಸ್. ಎಲ್. ಮಲ್ಹೋತ್ರ ಅವರು ರೈಲ್ವೆ ನೌಕರರ ಅಧ್ಯಯನದಲ್ಲಿ, ದಕ್ಷಿಣದವರಿಗಿಂತ ಉತ್ತರ ಭಾರತದವರಲ್ಲಿ ಪಿತ್ತಗಲ್ಲು ಏಳು ಪಟ್ಟು ಹೆಚ್ಚೆಂದು ಕಂಡು, ಕಾರಣವನ್ನು ಆಹಾರದಲ್ಲಿ ಹುಡುಕಿದರು. ಕಲ್ಲಿನ ಬಗೆಯೂ ಬೇರೆ: ಉತ್ತರದಲ್ಲಿ ಕೊಲೆಸ್ಟರಾಲ್ ಕಲ್ಲು ಪ್ರಧಾನ, ದಕ್ಷಿಣದಲ್ಲಿ ವರ್ಣದ್ರವ್ಯದ ಹಾಗೂ ಮಿಶ್ರ ಕಲ್ಲುಗಳ ಪಾಲು ಹೆಚ್ಚು.

ಕರ್ನಾಟಕದ ಮಟ್ಟಿಗೆ ಮುಖ್ಯವಾದ ಕೆಲಸ ನಡೆದದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ. ಅರಿಶಿನದ ಕರ್ಕ್ಯುಮಿನ್, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕುರಿತು 1990ರ ದಶಕದ ಆರಂಭದಲ್ಲೂ, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಮೆಂತ್ಯೆಗಳ ಕುರಿತು ಕೆ. ಶ್ರೀನಿವಾಸನ್ ಮತ್ತು ಸಂಗಡಿಗರಿಂದ 2009ರ ಆಸುಪಾಸಿನಲ್ಲೂ ಪ್ರಯೋಗಗಳಾದವು. ಕಲ್ಲು ಕಟ್ಟಿಸುವ ಕೊಲೆಸ್ಟರಾಲ್ ಆಹಾರ ತಿಂದ ಇಲಿಗಳಲ್ಲಿ, ಮೆಂತ್ಯೆ ಕಾಳಿನ ಪುಡಿ ಹೆಚ್ಚಿದಂತೆ ಕಲ್ಲು ಕಡಿಮೆಯಾಯಿತು. ಕಟ್ಟಿದ ಕಲ್ಲು ಕರಗಿದ್ದೂ ಕಂಡಿತು. ಇಷ್ಟು ಓದಿ ಮೆಂತ್ಯೆ ಡಬ್ಬಿಗೆ ಕೈ ಹಾಕುವವರು ಪ್ರಮಾಣ ನೋಡಬೇಕು. ಇಲಿಗಳ ಆಹಾರದಲ್ಲಿ ಶೇ. 5ರಿಂದ 15 ಮೆಂತ್ಯೆಯಿತ್ತು. ದಿನಕ್ಕೆ ಅರ್ಧ ಕಿಲೋ ಒಣ ಆಹಾರ ತಿನ್ನುವ ಮನುಷ್ಯನಿಗೆ ಅದು 25ರಿಂದ 75 ಗ್ರಾಂ ಆಗುತ್ತದೆ. ನಮ್ಮ ಭಾಗದ ಊಟದಲ್ಲಿ ರೊಟ್ಟಿಯ ಜೊತೆ ಕಚಕಚನೆ ಕಡಿಯುವುದು ಹಸಿ ಮೆಂತ್ಯೆ ಸೊಪ್ಪು. ಕಾಳು ಬರುವುದು ಒಗ್ಗರಣೆ, ಮೆಂತ್ಯೆ ಹಿಟ್ಟು, ಬಾಣಂತಿಯ ಅಂಟಿನುಂಡಿಯಲ್ಲಿ ಚಿಟಿಕೆ ಚಿಟಿಕೆಯಾಗಿ. ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ಮದ್ದೆಂದು ಬರೆದುಕೊಡಲಾಗದು. ಹುರಳಿಯ ಮೇಲಾಗಿರುವ ಪ್ರಯೋಗಗಳಿಗೂ ಇದೇ ಮಾತು.

ಮನುಷ್ಯರಿಂದಲೇ ಬಂದ ಒಂದು ಸಾಕ್ಷ್ಯ ಶೇಂಗಾಕ್ಕೆ ಸಂಬಂಧಿಸಿದ್ದು. ಅಮೆರಿಕದ ಎಂಬತ್ತು ಸಾವಿರ ದಾದಿಯರನ್ನು ಅನುಸರಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇಂಗಾ ಮತ್ತು ಇತರ ಬೀಜಗಳನ್ನು ಆಗಾಗ ತಿನ್ನುವವರಲ್ಲಿ ಪಿತ್ತಕೋಶ ತೆಗೆಸುವ ಶಸ್ತ್ರಚಿಕಿತ್ಸೆ ಸುಮಾರು ಕಾಲುಭಾಗ ಕಡಿಮೆಯಿತ್ತು. ಕೊಪ್ಪಳ ಸೀಮೆಯ ಯಲಬುರ್ಗಾದ ಮನೆಗಳಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ) ದಿನದ ಮಾತು.

ಈ ಸೀಮೆಯ ತಾಲ್ಲೂಕುಗಳಲ್ಲಿ ಎರಡು ಬಗೆಯ ಊಟವಿದೆ. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದಲ್ಲಿ ಜೋಳ, ಸಜ್ಜೆ, ಹೆಸರು, ತೊಗರಿ. ಅಂದರೆ ನಾರು, ಕಾಳಿನ ಪ್ರೋಟೀನು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಗಂಗಾವತಿಯಲ್ಲಿ ಎಡದಂಡೆ ಕಾಲುವೆಯ ನೀರು ಹರಿದು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದು, ಸೋನಾ ಮಸೂರಿ ಅನ್ನ ತಟ್ಟೆಯ ನಡುವಿಗೆ ಬಂತು. ಪಾಲಿಶ್ ಮಾಡಿದ ಅಕ್ಕಿಯ ಊಟದಲ್ಲಿ ನಾರು ಕಡಿಮೆ. ಸಂಜೆಯ ಮಿರ್ಚಿ-ಮಂಡಕ್ಕಿ ಮಾತ್ರ ಎರಡೂ ಕಡೆಗೆ ಸಮಾನ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲೇ ಮಿರ್ಚಿ ಬಾಣಲೆಯಿಂದ ಇಳಿಯುತ್ತಿರುವಾಗ ಅದನ್ನು ನಿಷೇಧಿಸುವ ಧೈರ್ಯ ಯಾವ ವೈದ್ಯರಿಗಿದ್ದೀತು! ಜಿಡ್ಡು ತಿಂದಾಗಲೇ ಪಿತ್ತಕೋಶ ಹಿಂಡಿಕೊಳ್ಳುವುದು. ಕಲ್ಲಿದ್ದವರಿಗೆ ನೋವು ಬರುವುದಾದರೆ ಹೆಚ್ಚಾಗಿ ಆಗಲೇ. ಕಲ್ಲಿಲ್ಲದವರಿಗೆ ಒಂದಿಷ್ಟು ಎಣ್ಣೆ ಬೇಕು, ಚೀಲ ಬರಿದಾಗಲಿಕ್ಕೆ. ಈ ಕಾರಣಕ್ಕೇ ದೀರ್ಘ ಉಪವಾಸವೂ, ವಾರಕ್ಕೆ ಒಂದೂವರೆ ಕಿಲೋ ಮೀರಿ ತೂಕ ಇಳಿಸುವುದೂ ಕಲ್ಲಿಗೆ ದಾರಿ. ಗರ್ಭಿಣಿಯರಲ್ಲಿ, ಹಲವು ಹೆರಿಗೆಯಾದವರಲ್ಲಿ ಅಪಾಯ ಮೊದಲೇ ಹೆಚ್ಚು. ಬೆಳಗಿನ ಊಟ ಬಿಟ್ಟು ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ಈ ಲೆಕ್ಕದಲ್ಲಿ ಮೊದಲು ಕೇಳಬೇಕು.

ಮನೆಮದ್ದಿಗೆ ಬಂದ ಕೀರ್ತಿಗೂ ಒಂದು ಕಾರಣವಿದೆ. ಪಿತ್ತಗಲ್ಲು ಬಹುಪಾಲು ಜನರಲ್ಲಿ ಸುಮ್ಮನಿರುತ್ತದೆ, ನೋವೇ ಕೊಡುವುದಿಲ್ಲ. ಕಷಾಯ ಕುಡಿದು ಸುಮ್ಮನಿದ್ದರೆ ಹೆಸರು ಕಷಾಯಕ್ಕೆ. ಮೊಬೈಲಿನಲ್ಲಿ ಬರುವ ಆಲಿವ್ ಎಣ್ಣೆ-ನಿಂಬೆರಸದ ಚಿಕಿತ್ಸೆಯ ಕಥೆ ಇನ್ನೂ ಸ್ವಾರಸ್ಯದ್ದು. ಮಲದಲ್ಲಿ ಹಸಿರು ಉಂಡೆಗಳು ಬೀಳುವುದು ನಿಜ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಪರೀಕ್ಷೆಯಲ್ಲಿ ಅವುಗಳ ಮುಕ್ಕಾಲು ಭಾಗ ಕೊಬ್ಬಿನಾಮ್ಲವಾಗಿತ್ತು. ಕುಡಿದ ಎಣ್ಣೆಯೇ ಸಾಬೂನಾಗಿ ಇಳಿದಿತ್ತು.

ಅಪಾಯವಿರುವುದು ಕಾಮಣಿಯಲ್ಲಿ. ಕಲ್ಲು ಜಾರಿ ಪಿತ್ತನಾಳ ಕಟ್ಟಿದರೆ ಕಣ್ಣು ಹಳದಿಯಾಗುತ್ತದೆ, ಮಲ ಬಿಳಚಿಕೊಳ್ಳುತ್ತದೆ, ಮೈ ತುರಿಸುತ್ತದೆ. ವೈರಸ್ಸಿನ ಕಾಮಣಿ ಅನೇಕ ವೇಳೆ ತಾನಾಗಿ ವಾಸಿಯಾಗುವುದರಿಂದ ಹಳ್ಳಿಯ ಔಷಧಕ್ಕೆ ನಂಬಿಕೆ ಬಂದಿದೆ. ಕಟ್ಟಿದ ನಾಳ ಹಾಗೆ ಬಿಡದು. ಚಳಿಜ್ವರ ಸೇರಿದರೆ ಸೋಂಕು ರಕ್ತಕ್ಕೇರುವ ಸೂಚನೆ. ಅಂದೇ ಆಸ್ಪತ್ರೆ ಸೇರಬೇಕು.

ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ, ಗವಿಸಿದ್ಧೇಶ್ವರ ಆಯುರ್ವೇದ ಕಾಲೇಜೂ ಇದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕಲ್ಲುಗಳನ್ನು ರೋಗಿಯ ಕೈಗೆ ಡಬ್ಬಿಯಲ್ಲಿ ಕೊಟ್ಟು ಮುಗಿಸದೆ, ಊರು, ಊಟ, ಹೆರಿಗೆ, ಕುಡಿದ ಕಷಾಯಗಳ ವಿವರದೊಂದಿಗೆ ರಾಸಾಯನಿಕ ಪರೀಕ್ಷೆಗೆ ಒಳಪಡಿಸಿದರೆ, ಗಂಗಾವತಿಯ ಕಲ್ಲು ಕುಷ್ಟಗಿಯ ಕಲ್ಲಿನಿಂದ ಬೇರೆಯೇ ಎಂಬುದನ್ನು ಇಲ್ಲೇ ನೋಡಬಹುದು.