ತೊಗಟೆಯ ಹಾಸು

ನಮ್ಮ ಸೀಮೆಯಲ್ಲಿ ತಂಗಡಿಯ ತೊಗಟೆಯಿಂದ ತೊಗಲನ್ನು ಹದಮಾಡುತ್ತಿದ್ದಂತೆ, ಇಂಗ್ಲೆಂಡಿನಲ್ಲಿ ಓಕ್ ಮರದ ತೊಗಟೆಯನ್ನು ಪುಡಿಗೈದು, ಗುಂಡಿಗಳಲ್ಲಿ ನೀರಿನೊಡನೆ ತುಂಬಿ, ತಿಂಗಳುಗಟ್ಟಲೆ ತೊಗಲನ್ನು ಅದರಲ್ಲಿ ನೆನೆಯಿಡುತ್ತಿದ್ದರು. ಒಗರೆಲ್ಲ ಇಳಿದು ನಿಸ್ಸಾರವಾದ ಮೇಲೆ ಹೊರಬೀಳುತ್ತಿದ್ದ ಕಂದುಬಣ್ಣದ ಆ ಚರಟವು ಕಾಲಿಗೆ ಮೆತ್ತಗಾಗಿಯೂ ಸದ್ದನ್ನು ನುಂಗುವಂತಹುದಾಗಿಯೂ ಇದ್ದುದರಿಂದ, ಅದನ್ನು ಕುದುರೆಗಳ ಅಭ್ಯಾಸದ ಹಾದಿಗೆ ಹಾಸಿದರು. ಮನೆಯೊಳಗೆ ರೋಗಿಯೊಬ್ಬನು ಮಲಗಿದ್ದರೆ, ಗಾಡಿಯ ಚಕ್ರಗಳ ಗಡಗಡ ಶಬ್ದವು ಅವನ ನಿದ್ರೆಯನ್ನು ಕೆಡಿಸದಿರಲೆಂದು ಮುಂದಿನ ಬೀದಿಗೂ ಚೆಲ್ಲಿದರು. ಈ ಪದ್ಧತಿಯನ್ನು ನೆನೆದಾಗಲೆಲ್ಲ ಆ ಬೀದಿಗಳ ಜನರಲ್ಲಿ ನನಗೆ ಗೌರವ ಹುಟ್ಟುತ್ತದೆ. 1768ರಲ್ಲಿ ಲಂಡನ್ನಿನಲ್ಲಿ ಫಿಲಿಪ್ ಆಸ್ಟ್ಲಿಯು ತೋರಿಸತೊಡಗಿದ ಕುದುರೆಸವಾರಿಯ ಆಟದಿಂದ ಹುಟ್ಟಿದ ಸರ್ಕಸ್ಸು, ಕಾಲಕ್ರಮದಲ್ಲಿ, 42 ಅಡಿ ವ್ಯಾಸದ ತನ್ನ ವೃತ್ತಕ್ಕೆ ಮರದ ಹೊಟ್ಟಿನೊಡನೆ ಈ ತೊಗಟೆಯನ್ನೂ ಹಾಸಿಕೊಂಡಿತು.

ಬೀಳುವುದೇ ವೃತ್ತಿಯಾದವರು ನೆಲವನ್ನು ಮರೆಯುವುದಿಲ್ಲ. ಗರಡಿಯ ಕೆಮ್ಮಣ್ಣನ್ನು ಗುದ್ದಲಿಯಿಂದ ಅಗೆದು, ಹೆಂಟೆಯೊಡೆದು, ಅಂಗೈಯಲ್ಲಿ ಹಿಡಿದರೆ ಉದುರುವಂತೆ ಸಡಿಲಿಸಿದಲ್ಲದೆ ನಮ್ಮ ಪೈಲ್ವಾನರು ಮಟ್ಟಿಗಿಳಿಯರು. ಹೀಗೆ ಕುದುರೆಯ ಗೊರಸಿಗೂ ಜಟ್ಟಿಯ ಬೆನ್ನಿಗೂ ಎಂದೋ ದೊರೆತಿದ್ದ ಈ ಉಪಚಾರವು ಮಗುವಿನ ತಲೆಗೆ ದೊರೆಯುವಲ್ಲಿ ಏಕೆ ಅಷ್ಟು ತಡವಾಯಿತೆಂಬುದು ನನ್ನನ್ನು ಬಹುವಾಗಿ ಕಾಡಿದ ಪ್ರಶ್ನೆ.

ಮಕ್ಕಳ ಆಟದ ಬಯಲಿನ ಆರಂಭವೇನೋ ಮೆತ್ತಗೆಯೇ ಆಗಿತ್ತು. ಬರ್ಲಿನ್ನಿನ ಉದ್ಯಾನಗಳಲ್ಲಿ ಮಕ್ಕಳಿಗೆಂದು ಸುರಿದಿದ್ದ ಮರಳಿನ ರಾಶಿಗಳನ್ನು ಕಂಡಿದ್ದ ವೈದ್ಯೆ ಮೇರಿ ಝಾಕ್ರ್ಜೆವ್‌ಸ್ಕಾ ಅವರ ಪ್ರೇರಣೆಯಿಂದ, 1885ರಲ್ಲಿ ಅಮೆರಿಕದ ಬಾಸ್ಟನ್ ನಗರದ ಪಾರ್ಮೆಂಟರ್ ಬೀದಿಯ ಪ್ರಾರ್ಥನಾಮಂದಿರದ ಅಂಗಳಕ್ಕೆ ಮರಳು ಬಂದಿತು. ಆದರೆ ಆ ಮರಳು ಅಗೆದು ಆಡುವುದಕ್ಕಾಗಿತ್ತೇ ಹೊರತು ಬೀಳುವುದಕ್ಕಲ್ಲ. ತರುವಾಯ ಕಬ್ಬಿಣದ ಉಯ್ಯಾಲೆ, ಜಾರುಬಂಡೆ, ಏಣಿಗಳು ಎತ್ತರವಾಗುತ್ತ ಹೋದಂತೆ, ನೆಲವು ಗಟ್ಟಿಯಾಗುತ್ತ ಹೋಯಿತು. 1930ರ ದಶಕದಿಂದ ಉದ್ಯಾನಗಳ ಮುಖ್ಯಾಧಿಕಾರಿ ರಾಬರ್ಟ್ ಮೋಸಸರ ಆಡಳಿತದಲ್ಲಿ ನ್ಯೂಯಾರ್ಕಿನಲ್ಲಿ ನಿರ್ಮಿತವಾದ ನೂರಾರು ಆಟದ ಬಯಲುಗಳಿಗೆ ಡಾಂಬರೇ ಹಾಸು. ಅದು ಧೂಳೆಬ್ಬಿಸದು, ತೊಳೆಯಲು ಸುಲಭ, ಬಹುಕಾಲ ಬಾಳುವುದು. ಲೆಕ್ಕವೆಲ್ಲ ಗುಡಿಸುವವರ ಕಡೆಯಿಂದಾಯಿತು, ಬೀಳುವವರ ಕಡೆಯಿಂದ ಆಗಲಿಲ್ಲ.

1981ರಲ್ಲಿ ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗವು ಆಟದ ಬಯಲುಗಳ ಸುರಕ್ಷತೆಯ ಕೈಪಿಡಿಯನ್ನು ಹೊರತರುವ ವೇಳೆಗೆ, ಅಲ್ಲಿನ ಗಾಯಗಳಲ್ಲಿ ಬಹುಪಾಲು ನೆಲಕ್ಕೆ ಬಿದ್ದುದರಿಂದಲೇ ಆಗತಕ್ಕವೆಂಬುದು ವಿದಿತವಾಗಿದ್ದಿತು. ಆಗ ತೊಗಟೆ ಮರಳಿ ಬಂದಿತು; ಈ ಬಾರಿ ಗರಗಸದ ಕಾರ್ಖಾನೆಗಳಲ್ಲಿ ದಿಮ್ಮಿಯಿಂದ ಸುಲಿದ ಪೈನ್ ಮೊದಲಾದ ಮರಗಳದು. ಇದರ ಗುಟ್ಟು ಸರಳ. ಚೂರುಗಳು ಒಂದರ ಮೇಲೊಂದು ಓರೆಯಾಗಿ ಕುಳಿತು ನಡುವೆ ಗಾಳಿಯನ್ನು ಹಿಡಿದಿರುತ್ತವೆ. ಮಗು ಬಿದ್ದೊಡನೆ ಅವು ಜಾರಿ, ಸರಿದು, ಅಡಕವಾಗಿ, ಬಿದ್ದ ದೇಹವು ನಿಲ್ಲುವ ಕ್ಷಣವನ್ನು ಇನ್ನಷ್ಟು ಹಿಗ್ಗಿಸುತ್ತವೆ. ಡಾಂಬರಿನ ಮೇಲೆ ಒಮ್ಮೆಗೇ ನಿಲ್ಲುವ ತಲೆಬುರುಡೆಗೆ ಇಲ್ಲಿ ಆ ಒಂದಿಷ್ಟು ಅವಕಾಶ ದೊರೆಯುತ್ತದೆ, ಜೀವವುಳಿಯುವುದು ಅದರಿಂದಲೇ. 20ರಿಂದ 80 ಮಿಲಿಮೀಟರಿನ ಚೂರುಗಳು 20 ಸೆಂಟಿಮೀಟರ್ ದಪ್ಪವಿದ್ದರೆ 2 ಮೀಟರ್ ಎತ್ತರಕ್ಕೂ, 30 ಇದ್ದರೆ 3 ಮೀಟರಿಗೂ ಸಾಕೆಂದು ಯೂರೋಪಿನ ನಿಯಮವು ವಿಧಿಸಿ, ಚೆದರಿಹೋಗುವ ಪಾಲಿಗೆಂದು ಇನ್ನೂ 10 ಸೆಂಟಿಮೀಟರನ್ನು ಕೂಡಿಸುತ್ತದೆ. ಈ 10 ಸೆಂಟಿಮೀಟರಿನಲ್ಲಿ ನಿಯಮ ಬರೆದವರ ಲೋಕಾನುಭವವು ಕಾಣುತ್ತದೆ. ಕ್ಯಾಲಿಫೋರ್ನಿಯದ ಮಕ್ಕಳು ಈ ಹಾಸನ್ನು ಇಂದಿಗೂ, ತೊಗಲು ಹದಮಾಡುವವರ ಹಳೆಯ ಮಾತಿನಲ್ಲಿಯೇ, ಟ್ಯಾನ್‌ಬಾರ್ಕ್ ಎನ್ನುತ್ತಾರೆ.

ಸಡಿಲವಾದುದು ಸರಿಯದೆ ಇರಲಾರದು. ಉಯ್ಯಾಲೆಯ ಅಡಿಯಲ್ಲಿ ಪುಟ್ಟ ಪಾದಗಳು ನೆಲವನ್ನು ಒದೆದೊದೆದು, ಸಂಜೆಯಾಗುವಷ್ಟರಲ್ಲಿ ದೋಣಿಯಾಕಾರದ ಗುಳಿ ಬಿದ್ದು, ತಳದ ಗಟ್ಟಿಮಣ್ಣು ಇಣುಕುತ್ತದೆ. ಮಗು ಬೀಳುವುದೂ ಅಲ್ಲಿಯೇ. ಅದಕ್ಕಾಗಿ ಕಂಬಗಳ ಮೇಲೆ ಹಾಸಿನ ಮಟ್ಟವನ್ನು ಸೂಚಿಸುವ ಗೆರೆಯೊಂದನ್ನು ಎಳೆದಿರುತ್ತಾರೆ. ಮರುದಿನ ಮಕ್ಕಳು ಬರುವುದಕ್ಕೆ ಮುನ್ನ ಅಂಚಿಗೆ ಸರಿದ ತೊಗಟೆಯನ್ನು ಯಾರೋ ಒಬ್ಬರು ನಡುವಿಗೆ ಎಳೆದು, ಸಾಲದಾದರೆ ಹೊಸದನ್ನು ಸುರಿದು, ಆ ಗೆರೆಯನ್ನು ಮುಟ್ಟಿಸಬೇಕು.